ಮಗ್ದಲೀನ್ ಬಾಯಿಯ ಏಳು ಬಕೆಟ್

ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನ ಮೆಟ್ಟಿಲು, ವರಾಂಡ ಒರೆಸಲು ಮಗ್ದಲೀನ್ ಬಾಯಿ ಬರತೊಡಗಿ ಹನ್ನೆರಡು ವರ್ಷ. ಈ ಜುಲೈಯಲ್ಲಿ ಲಿಫ್ಟಿನೆದುರು ಒಂದು ಕೆಟ್ಟ ವಾಸನೆ ಶುರುವಾಯಿತು. ಸೆಕ್ರೆಟರಿ ಮೋಹನದಾಸ್ ಮೀಟಿಂಗಿನಲ್ಲಿ, "ಅದು ಬಾಯಿಯ ಮಾಪಿನ ವಾಸನೆ. ಬರುವ ತಿಂಗಳಿಂದ ಏಜೆನ್ಸಿಯವರನ್ನು ಕರೆಸುವ" ಎಂದರು. ಬಾಯಿ ಬಾಗಿಲಲ್ಲೇ ನಿಂತಿದ್ದರು. ನಾನು ಹೌದೆಂದು ತಲೆಯಾಡಿಸಿದೆ. ಮೀಟಿಂಗುಗಳಲ್ಲಿ ನಾನು ಮಾಡುವ ಕೆಲಸ ಅದೊಂದೇ.

ಬಾಯಿ ಅಳಲಿಲ್ಲ, ಜಗಳಾಡಲಿಲ್ಲ. ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಬಂದವರೇ ಫ್ಲ್ಯಾಟಿನ ಆರೂ ಮನೆಗಳ ಬೆಲ್ ಒತ್ತಿದರು. "ಮಾಪ್ ಕೊಡಿ, ತೊಳೆದು ಕೊಡ್ತೇನೆ."

ಪುಕ್ಕಟೆ ಎಂದರೆ ನಾವು ಬಿಡುತ್ತೇವಾ? ಸೆಕ್ರೆಟರಿಯ ಹೆಂಡತಿಯೂ ಕೊಟ್ಟರು.

ತಾರಸಿಯ ಶೀಟಿನಡಿ ಬಾಯಿಯದ್ದೂ ಸೇರಿ ಏಳು ಬಕೆಟ್, ಮೇಲೆ ಚಾಕ್‌ನಲ್ಲಿ ಮನೆ ನಂಬರ್. ಬಕೆಟಿನ ಬಿಸಿನೀರಿಗೆ ಒಂದೊಂದು ಲೋಟ ವಿನೆಗರ್, ಬಾಯಿ ಹಂದಿ ಮಾಂಸದ ಅಡುಗೆಗೆಂದು ಮನೆಯಲ್ಲಿಟ್ಟಿದ್ದದ್ದು. ಅರ್ಧ ಗಂಟೆ ನೆನೆಸಿ ಹಿಂಡುವುದು, ಆಮೇಲೆ ಬೇರೆ ನೀರಿನಲ್ಲಿ ಅಡುಗೆ ಸೋಡಾ.

"ಎರಡೂ ಒಟ್ಟಿಗೆ ಹಾಕಿದ್ರೆ ಎಂತಾಗ್ತದೆ ಬಾಯಿ?" ಎಂದು ಕೇಳಿದೆ.

"ನೊರೆ ಮಾತ್ರ. ಸೆಕ್ರೆಟರಿಯವರ ಭಾಷಣದ ಹಾಗೆ."

ಅರ್ಧ ಗಂಟೆಯಲ್ಲಿ ತಮಾಷೆ ನೋಡಲು ಫ್ಲ್ಯಾಟಿನವರೆಲ್ಲ ತಾರಸಿಯಲ್ಲಿದ್ದರು. ಬಾಯಿಯ ಬಕೆಟಿನಲ್ಲಿ ಅಕ್ಕಿ ತೊಳೆದಂಥ ನೀರು. ನನ್ನದರಲ್ಲಿ ಕಡು ಚಹಾ. ಮೆಲ್ಲಗೆ ಅದಕ್ಕೆ ಅಡ್ಡ ನಿಂತೆ. ಸೆಕ್ರೆಟರಿಯದ್ದು ಮಾತ್ರ ಚರಂಡಿ.

"ಅಯ್ಯೋ, ಇದೇ ಲಿಫ್ಟಿನ ವಾಸನೆ!" ಎಂದು ಎರಡನೇ ಮಾಳಿಗೆಯ ಆಂಡ್ರಿಯಾ ಟೀಚರ್ ಮೂಗು ಮುಚ್ಚಿದರು.

ಬಾಯಿ ಕಾದಿದ್ದುದೇ ಇದಕ್ಕೆ. "ಸೆಕ್ರೆಟರಿಯವರೇ, ಮಳೆನೀರು ಅಂತ ದಿನಾ ಸಂಜೆ ಲಿಫ್ಟಿನೆದುರು ಒರೆಸುವುದು ನಿಮ್ಮ ಮನೆಯ ಮಾಪಲ್ವಾ? ಮತ್ತೆ ಹಿಂಡದೆ ಬಕೆಟಿನಲ್ಲೇ ಅದ್ದಿ ಇಡುವುದು. ಬೆಳಿಗ್ಗೆ ನಾನು ಒರೆಸುವುದು, ಸಂಜೆ ನೀವು ನಾರಿಸುವುದು! ಸ್ವಲ್ಪ ಬಗ್ಗಿ ಮೂಸಿ ನೋಡಿ ಮಾರಾಯ್ರೆ."

ಮೋಹನದಾಸ್ ಬಗ್ಗಲಿಲ್ಲ. "ಆಯ್ತು ಬಾಯಿ, ಏಜೆನ್ಸಿ ಬೇಡ, ನೀವೇ ಬನ್ನಿ" ಎಂದು ಗೊಣಗಿದರು.

"ಬರ್ತೇನೆ. ಮೊದಲು ಮೀಟಿಂಗ್ ಕರೆಯಿರಿ. ಅಷ್ಟು ಜನರೆದುರು ಹೇಳಿದ್ದನ್ನು ಅಷ್ಟೇ ಜನರೆದುರು ನುಂಗಬೇಕು."

ಬುಧವಾರ ಮೀಟಿಂಗ್. ಹನ್ನೆರಡು ವರ್ಷದಲ್ಲಿ ಮೊದಲ ಸಲ ಬಾಯಿ ಕುರ್ಚಿಯಲ್ಲಿ ಕೂತರು, ಅದೂ ಕೊನೆಯ ಸಾಲಿನಲ್ಲಿ. ಮೋಹನದಾಸ್ ಎದ್ದು, ನೆಲ ನೋಡುತ್ತ, "ವಾಸನೆ ನಮ್ಮ ಮನೆಯ ಮಾಪಿನದ್ದು. ಬಾಯಿಯದ್ದು ಎಂತ ತಪ್ಪೂ ಇಲ್ಲ" ಎಂದು ಕೂತರು.

"ಹಿಂದೆ ಕೇಳ್ಲಿಲ್ಲ" ಎಂದರು ಬಾಯಿ.

ಅವರು ಮತ್ತೆ ಎದ್ದು ಹೇಳಿದರು.

"ಫ್ಯಾನಿನ ಶಬ್ದ ಉಂಟಲ್ಲ," ಬಾಯಿ ಸೆರಗು ಸರಿಮಾಡಿ ಕುರ್ಚಿಗೆ ಒರಗಿದರು. "ಇನ್ನೊಮ್ಮೆ ಹೇಳಿ."