ಬ್ರಿಗೇಡಿಯರನ ಫೋಟೊಗೆ ಮಲ್ಲಿಗೆ ಹಾರ

ಹ್ಯೂಸ್ಟನ್ನಿನ ಶಾಲೆಯೊಂದರ ಸಭಾಂಗಣ. ನಮ್ಮ ರಾಜ್ಯೋತ್ಸವದ ವೇದಿಕೆ. ಭುವನೇಶ್ವರಿಯ ಪಟದ ಪಕ್ಕದಲ್ಲೇ ಮೀಸೆ ತಿರುವಿದ ಬಿಳಿ ದೊರೆಯೊಬ್ಬನ ಫೋಟೊ, ಅದಕ್ಕೂ ಮಲ್ಲಿಗೆ ಹಾರ. ನೋಡಿದ ಕೂಡಲೇ ನನಗೆ ಹೇಸಿಗೆಯಾಯಿತು.

ದೊರೆ ಎಂದರೆ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದ ಬ್ರಿಟಿಷ್ ಸೇನೆಯ ಬ್ರಿಗೇಡಿಯರ್. ಅವನ ಮೊಮ್ಮಗ ಪೀಟರ್ ಎನರ್ಜಿ ಕಾರಿಡಾರ್ ಎಂಬ ಇಲ್ಲಿನ ಬಡಾವಣೆಯ ತೈಲ ಕಂಪನಿಯಿಂದ ನಿವೃತ್ತನಾಗಿ ಇಲ್ಲೇ ನೆಲೆಸಿದ್ದಾನೆ. ಅಜ್ಜನ ಬಗ್ಗೆ ಸ್ಲೈಡ್ ತೋರಿಸಿ ಮಾತಾಡುವುದು ಅವನ ಹವ್ಯಾಸ. ನಮ್ಮ ಸಂಘದ ಕುಲಕರ್ಣಿ ಅಂಕಲ್ ಅವನನ್ನೇ ಮುಖ್ಯ ಅತಿಥಿ ಮಾಡಿದ್ದರು. ಊರಲ್ಲಿ ಸನ್ಮಾನಕ್ಕೆ ಶಾಸಕರನ್ನು ಹುಡುಕುತ್ತೇವೆ; ಇಲ್ಲಿ ಬಿಳಿ ಚರ್ಮ ಸಿಕ್ಕರೆ ಸಾಕು.

ಇಲ್ಲಿಗೆ ಬಂದ ಮೊದಲ ವರ್ಷ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಕೂತು ಅಳುತ್ತಿದ್ದ ನನ್ನನ್ನು ಪಾಟ್‌ಲಕ್‌ಗೆ, ಅಂದರೆ ಮನೆಗೊಂದು ಅಡುಗೆ ತಂದು ಹಂಚಿ ಉಣ್ಣುವ ಊಟಕ್ಕೆ, ಕರೆದವರು ಇದೇ ಜನ. ನನ್ನ ಜೋಳದ ರೊಟ್ಟಿ ಮೊದಲು ಖಾಲಿಯಾದ ದಿನ ಗೆದ್ದಷ್ಟು ಖುಷಿಯಾಗಿತ್ತು. ಅದಕ್ಕೇ ಈಗ ಸಿಟ್ಟು ಹೆಚ್ಚು.

ನನ್ನ ಅಜ್ಜನೂ ಬೆಳಗಾವಿಯಿಂದ ಅದೇ ಬರ್ಮಾಕ್ಕೆ ಹೋದವರು, ಪಲ್ಟನ್ನಿನ ಅಡುಗೆಯವರಾಗಿ. ಅವರ ಹೆಸರನ್ನೂ ಒಂದು ಸಲ ಮೈಕಿನಲ್ಲಿ ಹೇಳಿ ಎಂದು ಅಂಕಲ್‌ರನ್ನು ಕೇಳಿದೆ.

"ಟೈಮ್ ಇಲ್ಲ ತಂಗಿ, ಇನ್ನೂ ಎರಡು ಡಾನ್ಸ್ ಅದಾವ. ನೀ ಸ್ವಲ್ಪ ಈ ಹಣ್ಣಿನ ತಾಟ ಹಿಡ್ಕೋ," ಎಂದರು.

ಹಿಡಿದು ನಿಂತೆ.

ಪೀಟರ್ ಒಂದೊಂದೇ ಸ್ಲೈಡ್ ತೋರಿಸಿದ. ಯುದ್ಧ ಶುರುವಾದಾಗ ಕ್ಯಾಪ್ಟನ್, ಆಮೇಲೆ ಮೇಜರ್, ಕರ್ನಲ್, ಕೊನೆಗೆ ಬ್ರಿಗೇಡಿಯರ್. ಒಂದೊಂದು ಬಡ್ತಿಗೂ ನಮ್ಮವರ ಚಪ್ಪಾಳೆ. ದೊರೆಯ ಕುದುರೆಗೆ ಹೆಸರಿತ್ತು, ಅದರ ಕಥೆಗೆ ಮೂರು ಸ್ಲೈಡ್. ಹೊಳೆ ದಾಟುವಾಗ ಸತ್ತ ಸಿಪಾಯಿಗಳಿಗೆ ಒಂದೇ ಸಾಲು. ಕೊನೆಗೆ ಪೀಟರನ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು. ತಾಟನ್ನು ಅವನ ಕೈಗೆ ಕೊಟ್ಟವಳು ನಾನು.

ಊಟದ ಸಾಲಿನಲ್ಲಿ ತಡೆಯಲಾಗದೆ ಅವನ ಮುಂದೆ ಹೋಗಿ ನಿಂತೆ. "ನಮ್ಮಜ್ಜನೂ ಆ ಯುದ್ಧದಲ್ಲಿದ್ದರು," ಎಂದೆ.

ಅವನು ಬಹಳ ಮರ್ಯಾದೆಯಿಂದ ಕೈಕುಲುಕಿದ. "ಓಹ್, ಯಾವ ರ‍್ಯಾಂಕ್?" ಎಂದು ಕೇಳಿದ.

ಸುತ್ತ ನಮ್ಮವರೆಲ್ಲ ತಟ್ಟೆ ಹಿಡಿದು ಕೇಳಿಸಿಕೊಳ್ಳುತ್ತಿದ್ದರು.

"ಸುಬೇದಾರ್," ಎಂದುಬಿಟ್ಟೆ.

ಪಕ್ಕದಲ್ಲಿದ್ದ ಮಗಳು ಎಂದಿನಂತೆ ಇಂಗ್ಲಿಷಿನಲ್ಲಿ, "ಬಟ್ ಅಮ್ಮಾ, ಹಿ ವಾಸ್ ಎ ಕುಕ್," ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಅವಳ ಕೈ ಜಗ್ಗಿ, "ಸುಮ್ಮನಿರ," ಎಂದೆ. ಪೀಟರ್ ನಕ್ಕು ಮುಂದಿನವರ ಕಡೆ ತಿರುಗಿದ. ಅಜ್ಜನ ಹೆಸರನ್ನು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.