ಹಸಿರಿನ ಮೇಲೆ ನೀಲಿ ಟೇಪು

ಗ್ರಂಥಾಲಯದ ಮಕ್ಕಳ ವಿಭಾಗವನ್ನು ಇಪ್ಪತ್ತೆರಡು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಹೆಂಗಸಿಗೆ ಮಕ್ಕಳು ಇಟ್ಟಿರುವ ಹೆಸರು ಟೇಪಕ್ಕ. ಅದಕ್ಕೆ ಕಾರಣ ಅವಳ ಮೇಜಿನ ಮೇಲೆ ಸದಾ ಉರುಳಾಡುವ ನಾಲ್ಕು ಬಣ್ಣದ ಟೇಪಿನ ಸುರುಳಿಗಳು. ಐದು ವರ್ಷದವರೆಗಿನ ಮಕ್ಕಳ ಪುಸ್ತಕದ ಬೆನ್ನಿಗೆ ಹಳದಿ, ಆರರಿಂದ ಎಂಟಕ್ಕೆ ಹಸಿರು, ಒಂಬತ್ತರಿಂದ ಹನ್ನೊಂದಕ್ಕೆ ನೀಲಿ, ಅದರ ಮೇಲಿನವರಿಗೆ ಕೆಂಪು. ಈ ಏರ್ಪಾಡು ಅವಳದೇ. ಯಾವ ಮಗುವಿಗೆ ಯಾವ ಪುಸ್ತಕ ಎಂದು ತಿಳಿಯದೆ ಕಪಾಟಿನ ಮುಂದೆ ಕಣ್ಣುಕಣ್ಣು ಬಿಡುವ ಅಪ್ಪ ಅಮ್ಮಂದಿರಿಗೆ ಒಂದು ದಾರಿಯಾಗಲಿ ಎಂದು ಮಾಡಿದ್ದು. ಮಾಡಿದ ಮರುದಿನದಿಂದಲೇ ತಲೆ ಚಚ್ಚಿಕೊಳ್ಳುತ್ತಿದ್ದಾಳೆ.

ಏಕೆಂದರೆ, ತನ್ನ ಮಗು ವಯಸ್ಸಿಗೆ ತಕ್ಕಷ್ಟೇ ಓದುತ್ತದೆ ಎಂದು ಒಪ್ಪಿಕೊಂಡ ಒಬ್ಬ ತಾಯಿಯನ್ನೂ ಅವಳು ಇಷ್ಟು ವರ್ಷಗಳಲ್ಲಿ ಕಂಡಿಲ್ಲ.

"ನಮ್ಮವಳಿಗೆ ನಾಲ್ಕು ವರ್ಷ. ಆದ್ರೆ ಹಳದಿ ಎಲ್ಲ ಅವಳಿಗೆ ಬೋರು. ನೀಲಿ ಕೊಡಿ."

"ಬೋರು ಅಂತ ಅವಳೇ ಹೇಳಿದ್ಲಾ?"

"ಹೇಳಬೇಕಾ? ಮುಖ ನೋಡಿದ್ರೆ ಗೊತ್ತಾಗಲ್ವಾ?"

ಟೇಪಕ್ಕ ಮುಖ ನೋಡಿದಳು. ಮುಖ ಹಳದಿ ಪುಸ್ತಕವೊಂದರ ಮೂಲೆಯನ್ನು ನೆಮ್ಮದಿಯಾಗಿ ಚೀಪುತ್ತಿತ್ತು.

ಇದು ಸಾಲದೆಂಬಂತೆ ಗ್ರಂಥಾಲಯ ಸಮಿತಿಗೆ ಹೊಸ ಅಧ್ಯಕ್ಷರು ಬಂದರು. ನಿವೃತ್ತ ಹೆಡ್‌ಮಾಸ್ಟರು; ಗೋಡೆಯ ಗಡಿಯಾರವೂ ತಮ್ಮನ್ನು ಒಂದು ಮಾತು ಕೇಳಿಯೇ ಮುಂದಕ್ಕೆ ಹೋಗಬೇಕು ಎನ್ನುವವರು. ಮೊದಲ ವಾರವೇ ಬಾಗಿಲ ಬಳಿ ಬೋರ್ಡು ಬರೆಸಿದರು: 'ಮಕ್ಕಳಿಗೆ ಅವರವರ ವಯಸ್ಸಿನ ಬಣ್ಣದ ಪುಸ್ತಕ ಮಾತ್ರ. ಮೇಲಿನದು ಬೇಕಾದರೆ ಅಧ್ಯಕ್ಷರ ಸಹಿ. ಕೆಳಗಿನದು ಯಾರಿಗೂ ಇಲ್ಲ.' ಮೊದಲ ಸಹಿಯನ್ನು ತಮ್ಮ ಆರು ವರ್ಷದ ಮೊಮ್ಮಗನಿಗೇ ಹಾಕಿ, ದಪ್ಪನೆಯ ನೀಲಿ ಪುಸ್ತಕವೊಂದನ್ನು ಕೊಡಿಸಿದರು. ಹುಡುಗ ಅದನ್ನು ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತು ಕಿಟಕಿಯಾಚೆ ನೋಡತೊಡಗಿದ.

"ಹೇಗಿದೆಯೋ ಪುಸ್ತಕ?" ಎಂದಳು ಟೇಪಕ್ಕ.

"ಎತ್ತರ ಸಾಲದು," ಎಂದ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು, ದರ್ಜಿಯ ಮಗಳು ಇಲ್ಲದಿದ್ದರೆ. ಹನ್ನೊಂದು ವರ್ಷದ ಹುಡುಗಿ. ಕಾಯಿಲೆ ಬಿದ್ದು ಎರಡು ವರ್ಷ ಶಾಲೆಯ ಮುಖ ನೋಡಿರಲಿಲ್ಲ. ಅಕ್ಷರಗಳು ತಡವಾಗಿ ಕೈಹಿಡಿದಿದ್ದವು. ಪ್ರತಿ ಬುಧವಾರ ಬಂದು ಹಸಿರು ಟೇಪಿನ ಪುಸ್ತಕ ಒಯ್ಯುತ್ತಿದ್ದಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದು ಪುಟ ಮುಗಿದರೆ ಗುಡ್ಡ ಹತ್ತಿ ಇಳಿದವಳಂತೆ ಉಸಿರು ಬಿಡುತ್ತಿದ್ದಳು. ಬೋರ್ಡು ಬಂದ ಮೇಲೆ ಅವಳಿಗೆ ನೀಲಿಯೇ ಗತಿ. ಒಯ್ದದ್ದನ್ನು ಮುಂದಿನ ಬುಧವಾರ ತಂದಿಟ್ಟಳು. ಗುರುತಿನ ದಾರ ಎರಡನೇ ಪುಟದಲ್ಲೇ ಇತ್ತು.

"ಓದಿದ್ಯಾ?"

"ಹ್ಞೂಂ ಅಕ್ಕ."

"ಕಥೆ ಏನು?"

ಹುಡುಗಿ ಫ್ಯಾನನ್ನು ನೋಡಿದಳು. "ಉದ್ದ ಇದೆ," ಎಂದಳು. "ಇನ್ಮೇಲೆ ಬರಲ್ಲ ಅಕ್ಕ. ಅಮ್ಮಂಗೆ ಗುಂಡಿ ಹೊಲಿದುಕೊಡಬೇಕು," ಎಂದು ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟಳು.

"ಗುಂಡಿ ಗುರುವಾರ ಹೊಲಿ. ಬುಧವಾರ ಇಲ್ಲಿಗೆ ಬಾ."

ಹುಡುಗಿ ಹೋದಳು, ಕಾರ್ಡು ಉಳಿಯಿತು.

ಟೇಪಕ್ಕ ಅದನ್ನು ಹಿಡಿದು ನೇರ ಅಧ್ಯಕ್ಷರ ಕೋಣೆಗೆ ನುಗ್ಗಿದಳು. "ಸರ್, ಈ ಹುಡುಗಿಗೆ ಹಸಿರು ಕೊಡೋಕೆ ಒಂದು ಸಹಿ ಹಾಕಿ."

"ಹನ್ನೊಂದು ವರ್ಷಕ್ಕೆ ಹಸಿರಾ? ಆ ಮಗುವಿಗೇ ಅವಮಾನ ಅಲ್ವೇನಮ್ಮ?"

"ಅವಮಾನ ಆಗಿರೋದು ಬೋರ್ಡಿಂದ ಸರ್."

"ಬೋರ್ಡಿನ ಬಣ್ಣವೇ ಇನ್ನೂ ಒಣಗಿಲ್ಲ. ಈಗಲೇ ತಿದ್ದಿದ್ರೆ ಜನ ಏನಂತಾರೆ?"

ಜನ ಏನೂ ಅನ್ನುವುದಿಲ್ಲ, ಜನ ಬೋರ್ಡು ಓದುವುದೇ ಇಲ್ಲ ಎಂದು ಹೇಳಲು ಬಾಯಿ ತೆರೆದವಳು, ಮುಚ್ಚಿಕೊಂಡು ಹೊರಬಂದಳು. ಅಷ್ಟರಲ್ಲಿ ಅವಳ ತಲೆಯಲ್ಲಿ ಬೇರೆಯೇ ಯೋಚನೆ ಓಡತೊಡಗಿತ್ತು. ಆದರೆ ನೀಲಿ ಟೇಪು ಮುಗಿದಿತ್ತು. ಹೊಸ ಸುರುಳಿಗೂ ಅಧ್ಯಕ್ಷರ ಸಹಿಯೇ ಬೇಕು. ಅದೃಷ್ಟಕ್ಕೆ ಅವಳ ಗಂಡ ಎಲೆಕ್ಟ್ರಿಷಿಯನ್. ಅವನ ಚೀಲಕ್ಕೆ ಕೈಹಾಕಿದಳು.

"ಅದು ವೈರಿಗೆ ಸುತ್ತೋ ಟೇಪು ಕಣೇ, ಪುಸ್ತಕಕ್ಕಲ್ಲ. ಬಿಸಿಲಿಗೆ ಅಂಚು ಎದ್ದುಬಿಡುತ್ತೆ," ಎಂದ ಅವನು.

"ಏಳಲಿ. ಆಫೀಸಲ್ಲೂ ದಿನಾ ಶಾಕ್ ಹೊಡೀತಾನೇ ಇರುತ್ತೆ. ಎರಡು ಸುರುಳಿ ಕೊಡಿ."

ಶನಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ನಲವತ್ತು ಪುಸ್ತಕಗಳ ಹಸಿರಿನ ಮೇಲೆ ನೀಲಿ ಸುತ್ತಿದಳು. ಸುತ್ತುವಾಗಿನ ಅವಳ ಗೊಣಗಾಟವನ್ನು ಮಕ್ಕಳ ಯಾವ ಕಪಾಟಿನಲ್ಲೂ ಇಡುವಂತಿರಲಿಲ್ಲ. ಸಂಜೆ ತಾನೇ ದರ್ಜಿಯಂಗಡಿಗೆ ಹೋಗಿ, ಹುಡುಗಿಯ ಕೈಗೆ ಕಾರ್ಡು ಕೊಟ್ಟು, "ಬೇರೆ ನೀಲಿ ಪುಸ್ತಕ ಇವೆ. ಬುಧವಾರ ಬಾ, ಆಮೇಲೆ ಬೇಡ ಅನ್ನು," ಎಂದಳು.

ಹುಡುಗಿ ಬಂದಳು, ಅನುಮಾನದಿಂದಲೇ ಒಂದನ್ನು ಒಯ್ದಳು. ಮರುವಾರ ಕಥೆ ಏನೆಂದು ಕೇಳುವ ಮೊದಲೇ ಹೇಳಲು ಶುರುಮಾಡಿ, 'ಆಮೇಲೆ' ಎನ್ನುತ್ತ ಎನ್ನುತ್ತ ಹಿಂದೆ ನಿಂತ ಮೂವರನ್ನು ಕಾಯಿಸಿದಳು.

ಅದೇ ವಾರ ಅಧ್ಯಕ್ಷರ ಮೊಮ್ಮಗನೂ ಸುತ್ತಿದ ಪುಸ್ತಕವೊಂದನ್ನು ಎಳೆದ. ತೆಳ್ಳಗಿದ್ದುದರಿಂದ ಅದರ ಮೇಲೆ ಕೂರುವಂತಿರಲಿಲ್ಲ. ವಿಧಿಯಿಲ್ಲದೆ ತೆರೆದು, ಅರ್ಧ ಪುಸ್ತಕವನ್ನು ಗಟ್ಟಿಯಾಗಿ ಓದಿಬಿಟ್ಟ. ಅಧ್ಯಕ್ಷರು ಪತ್ರಿಕೆ ಓದುವವರನ್ನೆಲ್ಲ ಎಬ್ಬಿಸಿ ಕರೆತಂದರು.

"ನೋಡಿ, ಆರು ವರ್ಷಕ್ಕೆ ನೀಲಿ," ಎಂದರು. ಪುಸ್ತಕವನ್ನು ಮೂಗಿನ ಬಳಿ ಹಿಡಿದು, "ಇದೇನಮ್ಮ, ಪ್ಲಾಸ್ಟಿಕ್ ವಾಸನೆ?" ಎಂದರು.

"ಹೊಸದು ಸರ್."

ಆ ಹೊಸದರ ಮೊದಲ ಪುಟದಲ್ಲಿ ಹದಿನೇಳು ವರ್ಷ ಹಳೆಯ ಮೊಹರಿತ್ತು. ಅಧ್ಯಕ್ಷರು ನೋಡಲಿಲ್ಲ, ಅವರು ಮೊಮ್ಮಗನನ್ನು ನೋಡುತ್ತಿದ್ದರು. ಮರುದಿನದಿಂದ ಎಲ್ಲ ತಾಯಂದಿರಿಗೂ 'ಆ ಹುಡುಗ ಓದಿದ ನೀಲಿ'ಯೇ ಬೇಕು. ಟೇಪಕ್ಕ ಗಂಡನ ಮೂರನೇ ಸುರುಳಿಗೂ ಕೈಹಾಕಿದಳು.

ಗಂಡನ ಮಾತು ಸುಳ್ಳಾಗಲಿಲ್ಲ. ಬಿಸಿಲೇರಿದಂತೆ ಟೇಪಿನ ಅಂಚುಗಳು ಒಂದೊಂದಾಗಿ ಏಳತೊಡಗಿದವು. ಒಂದು ಬುಧವಾರ ದರ್ಜಿಯ ಮಗಳು ಪುಸ್ತಕ ಹಿಂತಿರುಗಿಸುತ್ತ, ಯಾರೂ ಕೇಳದಂತೆ, "ಅಕ್ಕ, ಇದರ ಟೇಪು ಎದ್ದಿತ್ತು," ಎಂದಳು.

ಟೇಪಕ್ಕ ಒಮ್ಮೆ ಅಧ್ಯಕ್ಷರ ಕೋಣೆಯ ಕಡೆ ನೋಡಿದಳು. "ಓದೋದು ಬಿಟ್ಟು ಅದರ ಬೆನ್ನು ಕೆರೀತಾ ಕೂತಿದ್ಯಾ?"

"ಇಲ್ಲ ಅಕ್ಕ, ತಾನಾಗೇ ಎದ್ದಿತ್ತು. ಒಳಗಡೆ ಹಸಿರು ಕಾಣ್ತಿತ್ತು."

ಕಾರ್ಡು ಮತ್ತೆ ಮೇಜಿನ ಮೇಲೆ ಬೀಳುತ್ತದೆ ಎಂದು ಟೇಪಕ್ಕ ಕಾದಳು. ಹುಡುಗಿ ಚೀಲದಿಂದ ತೆಗೆದದ್ದು ಒಂದು ಪುಟ್ಟ ಡಬ್ಬಿ.

"ಅಮ್ಮನ ಅಂಗಡೀದು, ಗಟ್ಟಿ ಗೋಂದು. ಇದಕ್ಕೆ ಆಗಲೇ ಹಚ್ಚಿದೀನಿ. ಮಿಕ್ಕಿದ್ದಕ್ಕೂ ಹಚ್ಚಿಕೊಡ್ಲಾ?"

ಟೇಪಕ್ಕ ಪುಸ್ತಕವನ್ನು ತಿರುಗಿಸಿ ನೋಡಿದಳು. ಅಂಚು ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಅವಳು ಸ್ವತಃ ಅಂಟಿಸಿದ್ದಕ್ಕಿಂತ ನೇರವಾಗಿತ್ತು.

"ಮೊದಲು ಕಥೆ ಹೇಳು," ಎಂದಳು, "ಬೇಗ. ಹಿಂದೆ ಜನ ನಿಂತಿದ್ದಾರೆ."