ಹೆಡ್‌ಮಾಸ್ಟರ ಹಸಿರು ಕೋಟು ಮತ್ತು ಟೇಪಣ್ಣನ ವಿಡಿಯೋ

ಟೇಪಣ್ಣನಷ್ಟು ಸೊಕ್ಕಿನ ಮನುಷ್ಯ ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಏಳು ವರ್ಷ ನಂಬಿಕೊಂಡಿದ್ದೆ. ಎದುರಿಗೆ ಸಿಕ್ಕರೆ ಒಂದು ನಗು ಇಲ್ಲ, ತಲೆಯಾಡಿಸುವುದಿಲ್ಲ. ನಾನಾಗಿಯೇ ಕೈ ಎತ್ತಿದರೂ ಕೈಯನ್ನು ಬಿಟ್ಟು ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, ಲೈಟು ಕಂಬ ದಾಟಿದ ಹಾಗೆ ನನ್ನನ್ನು ದಾಟಿ ಹೋಗುತ್ತಿದ್ದ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಬಟ್ಟೆ ಬಿಗಿ ಮಾಡುವ, ಸಡಿಲ ಮಾಡುವ ಟೈಲರಿಗೆ ಇಷ್ಟು ಗತ್ತು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದೆ. ಪತ್ರಿಕೆಗಳಲ್ಲಿ ಆಗಾಗ ಹೆಸರು ಬರುವ ನನಗೇ ಅಷ್ಟು ಗತ್ತಿರಲಿಲ್ಲ.

ಒಂದು ದಿನ ಬ್ಯಾಗಿನ ಜಿಪ್ಪು ಹಾಕಿಸಲು ಹೋದಾಗ ಅಂಗಡಿಯಲ್ಲಿ ಅವನ ಹೆಂಡತಿ ಒಬ್ಬರೇ ಗುಂಡಿ ಹೊಲಿಯುತ್ತ ಕೂತಿದ್ದರು. ಮಾತಿಗೆ ಮಾತು ಬಂದು ನನ್ನ ದೂರು ಹೇಳಿಕೊಂಡೆ. ಆಕೆ ಬಾಯಲ್ಲಿದ್ದ ದಾರ ಕಡಿದು ಹೇಳಿದರು: “ಅವ್ರು ಬೀದೀಲಿ ಯಾರನ್ನೂ ಮಾತಾಡ್ಸಲ್ಲ ಸಾರ್. ಮಾತಾಡ್ಸಿದ್ರೆ ಪಕ್ಕದಲ್ಲಿದ್ದೋರು, ಓಹೋ, ಇವ್ರೂ ಪ್ಯಾಂಟಿನ ಸೊಂಟ ಬಿಡಿಸ್ಕೊಂಡಿದಾರೆ ಅಂದ್ಕೊಳ್ತಾರೆ.”

ನಾನು ಗಿರಾಕಿಯೇ ಅಲ್ಲವಲ್ಲ ಎಂದೆ.

“ಗಿರಾಕಿ ಅಲ್ದೋರನ್ನ ಮಾತಾಡ್ಸಿದ್ರೆ, ಮಾತಾಡ್ಸದೆ ಇರೋರೆಲ್ಲ ಗಿರಾಕಿಗಳು ಅಂತ ಆಗಲ್ವಾ?”

ಏಳು ವರ್ಷದ ಕೋಪ ಅಲ್ಲೇ ಇಳಿಯಿತು. ಟೇಪಣ್ಣ ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ, ಇದ್ದ ಬಟ್ಟೆಯನ್ನು ಇದ್ದ ಮೈಗೆ ಒಗ್ಗಿಸುವುದಷ್ಟೇ ಅವನ ಕಸುಬು. ಬಂದ ಬಟ್ಟೆಗೆ ಚೀಟಿ ಚುಚ್ಚುತ್ತಿದ್ದ. ಚೀಟಿಯ ಮೇಲೆ ಹೆಸರಿರುತ್ತಿರಲಿಲ್ಲ, ಬರೀ ನಂಬರು. ಯಾವ ನಂಬರು ಯಾರದ್ದೆಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಬೀದಿಯ ಅರ್ಧ ಜನರ ಹೊಟ್ಟೆ, ಬೆನ್ನು, ಬಾಗಿದ ಹೆಗಲುಗಳ ಗುಟ್ಟು ಹೊತ್ತುಕೊಂಡು ಆತ ಮೂವತ್ತು ವರ್ಷ ಮೂಕನಂತೆ ಓಡಾಡಿದ್ದ.

ಆಮೇಲೆ ಎದುರಿಗೆ ಮೂರು ಮಹಡಿಯ ಸಿದ್ಧ ಉಡುಪಿನ ಅಂಗಡಿ ಬಂತು. ಕೊಂಡ ಬಟ್ಟೆಯನ್ನು ಅಲ್ಲೇ ಪುಕ್ಕಟೆಯಾಗಿ ಅಳತೆಗೆ ತಂದುಕೊಡುತ್ತೇವೆ ಎಂದು ಬಾಗಿಲಿಗೇ ಬೋರ್ಡು ಹಾಕಿದರು. ಟೇಪಣ್ಣನ ಮೆಷೀನು ಮಧ್ಯಾಹ್ನದ ಹೊತ್ತಿಗೇ ಸುಮ್ಮನಾಗತೊಡಗಿತು. ಕ್ಷೌರದವನು ವಿಡಿಯೋ ಹಾಕುತ್ತಾನೆ, ಟೈರಿನವನು ಹಾಕುತ್ತಾನೆ, ನೀವೇನು ಅವರಿಗಿಂತ ಕುರೂಪಿಯೇ ಎಂದು ಹೆಂಡತಿ ದಿನವೂ ಕೇಳಿದರು. ಈ ಪ್ರಶ್ನೆಗೆ ಯಾವ ಗಂಡಸೂ ಸುಲಭವಾಗಿ ಉತ್ತರ ಹೇಳಲಾರ. ಟೇಪಣ್ಣ ಒಪ್ಪಿಕೊಂಡ.

ಮೊದಲನೇ ವಿಡಿಯೋದಲ್ಲಿ ಆತ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತವನಂತೆ ನಿಂತು, “ಮಾನ್ಯ ಗ್ರಾಹಕ ಬಂಧುಗಳಲ್ಲಿ ವಿನಂತಿ” ಎಂದು ಶುರುಮಾಡಿದ. ಯಾರೋ ತೀರಿಕೊಂಡ ಸುದ್ದಿ ಓದಿದ ಹಾಗಿತ್ತು. ಎರಡನೆಯದರಲ್ಲಿ ಮೆಷೀನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮೂರನೆಯದರಲ್ಲಿ ಕತ್ತಿನಿಂದ ಮೇಲೆ ಟೇಪಣ್ಣನೇ ಇರಲಿಲ್ಲ. ವಿಡಿಯೋ ತೆಗೆದ ಹೆಂಡತಿ, ಬಟ್ಟೆ ಕಾಣಬೇಕೋ ನಿಮ್ಮ ಮೂತಿ ಕಾಣಬೇಕೋ ಎಂದು ದಬಾಯಿಸಿದರು. ಮುಂದೆ ಫೋನನ್ನು ಅಳತೆಯ ಟೇಪಿನಿಂದಲೇ ಸ್ಟೂಲಿಗೆ ಬಿಗಿದು ಕಟ್ಟಿದರು. ಸದಾ ಕೊರಳಲ್ಲಿರುವ ಟೇಪು ಇಲ್ಲದೆ ಆತ ಮಾತಿನ ನಡುವೆ ಕತ್ತು ತಡಕುತ್ತಲೇ ಇದ್ದ. ನೋಡಿದವರು ಹನ್ನೊಂದು ಜನ. ಅದರಲ್ಲಿ ನಾಲ್ಕು ಸಲ ಹೆಂಡತಿ, ಐದು ಸಲ ಆತನೇ.

ಉಳಿದ ಎರಡರಲ್ಲಿ ಒಬ್ಬ ನಾನು. ಬರೆಯುವವನಾದ್ದರಿಂದ ಸಲಹೆ ಕೊಡದೆ ಇರಲಾಗಲಿಲ್ಲ. ಮುಖ ಬೇಡ, ಬರೀ ಕೈ ತೋರಿಸು, ಬಟ್ಟೆಯ ಕಥೆ ಹೇಳು, ಜನಕ್ಕೆ ಬೇಕಾದದ್ದು ಕಥೆ ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ಗಂಭೀರವಾಗಿತ್ತೆಂದು ನೆನಪು.

ಆ ವಾರ ಅವನ ಮುಂದಿದ್ದದ್ದು ಹೆಡ್‌ಮಾಸ್ಟರ ಕೋಟು.

ಹೆಡ್‌ಮಾಸ್ಟರು ಮೂರು ತಿಂಗಳಿಂದ ಸಣ್ಣಗಾಗಿದ್ದರು. ಯಾಕೆಂದು ಕೇಳುವ ಮೊದಲೇ ಕಾರಣ ಹೇಳುತ್ತಿದ್ದರು: ರಾತ್ರಿ ಊಟ ಬಿಟ್ಟಿದ್ದೇನೆ, ಬೆಳಿಗ್ಗೆ ಆರು ಕಿಲೋಮೀಟರು ನಡೆಯುತ್ತೇನೆ, ಶಿಸ್ತು, ಎಲ್ಲ ಶಿಸ್ತು. ಶಾಲೆಯ ಪ್ರಾರ್ಥನೆಯಲ್ಲೂ ಇದೇ ಭಾಷಣ. ಅದನ್ನು ನಂಬಿ ನಾಲ್ಕಾರು ಜನ ರಾತ್ರಿ ಊಟ ಬಿಟ್ಟು ಸಿಡುಕರಾದರು. ಬೇಕರಿಯವನು ಹೆಡ್‌ಮಾಸ್ಟರ ಮೇಲೆ ಹಲ್ಲು ಮಸೆದ. ಶಾಲೆಯ ವಾರ್ಷಿಕ ಸಭೆಗೆ ತೊಡಲು ಕೋಟನ್ನು ಬಿಗಿ ಮಾಡಿಸಲು ಕೊಟ್ಟಿದ್ದರು.

ಟೇಪಣ್ಣ ಕೋಟಿನ ಅಸ್ತರು ಬಿಚ್ಚಿ, ಒಳಗಿನ ಹೊಲಿಗೆಯ ಗುರುತುಗಳನ್ನು ಫೋನಿಗೆ ತೋರಿಸಿದ. ಈ ಸಲ ಭಾಷಣವಿರಲಿಲ್ಲ. ಕೆಲಸದಲ್ಲಿ ಮುಳುಗಿದಾಗ ತನಗೆ ತಾನೇ ಗೊಣಗುವ ದನಿಯಲ್ಲಿ ಮಾತಾಡಿದ. ಇಲ್ಲಿ ಮೊದಲ ಹೊಲಿಗೆ, ಆಗ ಹುಡುಗ. ಇಲ್ಲಿ ಎರಡು ಇಂಚು ಬಿಡಿಸಿದ್ದು, ದೊಡ್ಡ ಹುದ್ದೆ ಬಂದಾಗ. ಇಲ್ಲಿ ಇನ್ನೊಂದು. ಆಮೇಲೆ ಬೆರಳನ್ನು ಹೆಗಲಿನ ಹತ್ತಿರ ತಂದ: “ಈಗ ಐದು ಇಂಚು ಒಳಗೆ. ನಡೆದು ಇಳಿಸಿದ ಮೈ ಸೊಂಟದಲ್ಲಿ ಇಳಿಯುತ್ತೆ. ಇದು ಹೆಗಲಲ್ಲೂ ಇಳಿದಿದೆ. ಇದು ಕಾಯಿಲೆ ಮೈ. ಪಾಪ, ಯಾರಿಗೂ ಹೇಳ್ಕೊಂಡಿಲ್ಲ.”

ಹೆಸರು ಹೇಳಿರಲಿಲ್ಲ, ಮುಖ ತೋರಿಸಿರಲಿಲ್ಲ. ತನ್ನ ಕಸುಬಿನ ನಿಯಮ ಮೀರಿದ್ದೇನೆಂದು ಅವನಿಗೆ ಅನ್ನಿಸಲೇ ಇಲ್ಲ. ಟೇಪಣ್ಣನಿಗೆ ಕೋಟೆಂದರೆ ಒಂದು ನಂಬರು. ಆದರೆ ಆ ಹಸಿರು ಚೌಕಳಿ ಕೋಟು ಊರಿಗೆಲ್ಲ ಹೆಡ್‌ಮಾಸ್ಟರ ಮುಖಕ್ಕಿಂತ ಹೆಚ್ಚು ಪರಿಚಯ. ಇಪ್ಪತ್ತೆರಡು ವರ್ಷ ಮಕ್ಕಳು ದೂರದಿಂದ ಆ ಕೋಟು ಕಂಡರೆ ಸಾಲಾಗಿ ನಿಲ್ಲುತ್ತಿದ್ದರು.

ಎರಡೇ ದಿನದಲ್ಲಿ ನಲವತ್ತು ಸಾವಿರ ಜನ ನೋಡಿದರು. ಮೊದಲ ದಿನ ಗಂಡ ಹೆಂಡತಿ ಅಂಗಡಿಯಲ್ಲಿ ಕೂತು ಏರುವ ಸಂಖ್ಯೆ ನೋಡುತ್ತ ಊಟ ಮರೆತರು. ನಾನೂ ಹೋಗಿ, ನಾನು ಹೇಳಿರಲಿಲ್ಲವೇ ಎಂದು ಎರಡು ಸಲ ಹೇಳಿ ಬಂದೆ. ಎರಡನೇ ದಿನ ಯಾರೋ ಹಳೇ ವಿದ್ಯಾರ್ಥಿ ಕೆಳಗೆ ಬರೆದ: ಇದು ನಮ್ಮ ಹೆಡ್‌ಮಾಸ್ಟರ ಕೋಟಲ್ಲವೇ? ಅದರ ಮುಂದೆ ಅಳುವ ಮುಖಗಳು ಮೂರು. ಸಂಜೆಯೊಳಗೆ ಹೆಡ್‌ಮಾಸ್ಟರ ಮನೆಗೆ ಹಣ್ಣಿನ ಚೀಲ ಹಿಡಿದು, ಸಪ್ಪೆ ಮುಖ ಹೊತ್ತು ಜನ ಬರತೊಡಗಿದರು. ಪಕ್ಕದ ಮನೆಯಾಕೆ ಹೆಡ್‌ಮಾಸ್ಟರ ತಾಯಿಗೆ ವಿಡಿಯೋ ತೋರಿಸಿಯೂಬಿಟ್ಟರು. ಎಂಬತ್ತಾರರ ಆ ಮುದುಕಿ ಕೋಟಿನ ಬಣ್ಣ ನೋಡಲಿಲ್ಲವಂತೆ. ಗೂಟಕ್ಕೆ ತೂಗುಹಾಕುವ ಕುಣಿಕೆಯನ್ನು ತಾನೇ ಕೆಂಪು ದಾರದಲ್ಲಿ ಹೊಲಿದಿದ್ದಳು; ಅದನ್ನು ಗುರುತು ಹಿಡಿದಳು.

ಟೇಪಣ್ಣ ವಿಡಿಯೋ ಅಳಿಸಿದ. ಅಷ್ಟರಲ್ಲಿ ಅದು ಊರಿನ ಎಲ್ಲ ಫೋನಿಗೂ ಹೋಗಿತ್ತು. ಕೋಟು ಮಾತ್ರ ಅವನ ಹತ್ತಿರವೇ ಇತ್ತು, ಮರುದಿನ ಬೆಳಿಗ್ಗೆ ಕೊಡಬೇಕಾದದ್ದು. ನಾನು ಹೋಗಿ ಕೊಟ್ಟು ಬರ್ತೀನಿ ಎಂದು ಹೆಂಡತಿ ಚೀಲ ತೆಗೆದುಕೊಂಡರೆ, ಆತ ಕಸಿದುಕೊಂಡು ತಾನೇ ಹೊರಟ. ಆ ದಿನ ಬೀದಿಯಲ್ಲಿ ಆತ ಯಾರನ್ನೂ ನೋಡದೆ ನಡೆದದ್ದಕ್ಕೆ ಕಾರಣ ಬೇರೆ.

ಅಲ್ಲಿ ನಡೆದದ್ದನ್ನು ಒಂದು ತಿಂಗಳು ಬಿಟ್ಟು ಆತನೇ ನನಗೆ ಹೇಳಿದ, ಹೊಲಿಗೆಯಿಂದ ತಲೆ ಎತ್ತದೆ. ಬಾಗಿಲು ತೆಗೆದದ್ದು ತಾಯಿ. ಒಳಗೆ ಬಾ ಎನ್ನಲಿಲ್ಲ, ಬೈಯಲೂ ಇಲ್ಲ.

“ಆ ಐದು ಇಂಚು ಅಳೆದಿದ್ದು ನೀನೇನಪ್ಪಾ?”

“ಹೌದಮ್ಮಾ.”

“ಸರಿಯಾಗಿ ಅಳ್ದಿದೀಯಾ?”

ಮೂವತ್ತು ವರ್ಷದಲ್ಲಿ ತನ್ನ ಅಳತೆ ತಪ್ಪೆಂದು ಒಪ್ಪದ ಟೇಪಣ್ಣ, ತಪ್ಪಿರಬಹುದು ಎಂದ. ಆಕೆ ಅವನ ಮುಖವನ್ನೇ ನೋಡಿದಳು. “ನಿನ್ನ ಅಳತೆ ತಪ್ಪಲ್ಲ ಅಂತಾರಲ್ಲಪ್ಪ” ಎಂದಳು. ಆತ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಪಾಠ ಒಪ್ಪಿಸಲು ಬಾರದ ಹುಡುಗನಂತೆ ಹೊಸ್ತಿಲ ಹೊರಗೇ ನಿಂತಿದ್ದ.

ಅಷ್ಟರಲ್ಲಿ ಹೆಡ್‌ಮಾಸ್ಟರು ಒಳಗಿನಿಂದ ಬಂದರು. ಅಲ್ಲೇ ಕೋಟು ತೊಟ್ಟು ಕನ್ನಡಿಯ ಮುಂದೆ ಹೆಗಲು ಕೊಡವಿದರು. ಸರಿಯಾಗಿ ಕೂತಿತ್ತು. ಕೆಲಸ ಚೆನ್ನಾಗಿದೆ ಎಂದರು. ಟೇಪಣ್ಣ, ಬಟ್ಟೆ ಕತ್ತರಿಸಿಲ್ಲ ಮೇಷ್ಟ್ರೇ, ಒಳಗೇ ಮಡಚಿದೀನಿ, ಮೈ ತುಂಬಿಕೊಂಡಾಗ ಬಿಡಿಸಿಕೊಡ್ತೀನಿ ಎಂದು ತಡವರಿಸಿದ. ಕ್ಷಮೆ ಕೇಳಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ. ಹೆಡ್‌ಮಾಸ್ಟರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ತಾಯಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು:

“ಭಾನುವಾರ ಅಮ್ಮನಿಗೆ ನಾನೇ ಹೇಳ್ಬೇಕು ಅಂತಿದ್ದೆ ಟೇಪಣ್ಣ. ಹೇಗೆ ಹೇಳೋದು ಅಂತ ಯೋಚ್ನೆ ಮಾಡಿಟ್ಟಿದ್ದೆ.”

ಬೈದಿದ್ದರೆ ಚೆನ್ನಾಗಿತ್ತು ಎಂದ ಟೇಪಣ್ಣ. ಎರಡು ಏಟು ಹೊಡೆದಿದ್ದರೂ ಚೆನ್ನಾಗಿತ್ತು. ಮನೆಗೆ ಬಂದು ಎರಡು ದಿನ ಮೆಷೀನು ಮುಟ್ಟಲಿಲ್ಲವಂತೆ.

ಹೆಡ್‌ಮಾಸ್ಟರಿಗೆ ಚಿಕಿತ್ಸೆ ನಡೆಯುತ್ತಿದೆ. ಈಗ ಆಸ್ಪತ್ರೆಗೆ ತಾಯಿಯೂ ಜೊತೆಗೆ ಹೋಗುತ್ತಾಳೆ. ಮಗನ ಬಗ್ಗೆ ಡಾಕ್ಟರನ್ನು ತಾನೇ ಪ್ರಶ್ನೆ ಕೇಳುತ್ತಾಳೆ. ಅದಾದರೂ ಒಳ್ಳೆಯದಾಯಿತಲ್ಲ ಎಂದು ಜನ ಟೇಪಣ್ಣನಿಗೆ ಸಮಾಧಾನ ಹೇಳುತ್ತಾರೆ. ಆತ ಮೆಷೀನು ಇನ್ನಷ್ಟು ಜೋರಾಗಿ ತುಳಿಯುತ್ತಾನೆ. ಅಂಗಡಿಗೆ ದೂರದೂರದಿಂದ ಹೊಸ ಗಿರಾಕಿಗಳು ಬರುತ್ತಾರೆ, ನಮ್ಮ ಕೋಟನ್ನೂ ಓದಿ ಹೇಳಿ ಎನ್ನುತ್ತಾರೆ. ಹಳಬರು ಮಾತ್ರ ಒಬ್ಬೊಬ್ಬರಾಗಿ ಬಂದು, ಆಗಿದ್ದರೂ ಆಗದಿದ್ದರೂ ಪರವಾಗಿಲ್ಲ ಎಂದು ಬಟ್ಟೆ ವಾಪಸು ಒಯ್ದರು. ಆ ಖಾಲಿ ಗೂಟಗಳ ಕಡೆ ನೋಡಲು ಟೇಪಣ್ಣನಿಗೆ ಇವತ್ತಿಗೂ ಆಗುವುದಿಲ್ಲ.

ಎದುರಿನ ಅಂಗಡಿಯ ಮಾತು ಈಗ ಅವನ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹೆಂಡತಿ ಫೋನನ್ನು ದಾರದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ್ದಾರೆ.

ಇಷ್ಟೆಲ್ಲ ಕೇಳಿಯೂ ನನ್ನೊಳಗಿನ ಸಲಹೆಗಾರ ಸುಮ್ಮನಿರಲಿಲ್ಲ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ನಲವತ್ತು ಸಾವಿರ ಜನ ಕಾಯುತ್ತಿರುವಾಗ ಕೈಬಿಡುವುದು ಸರಿಯಲ್ಲ, ಮುಂದಿನ ವಿಡಿಯೋ ಯಾವಾಗ ಎಂದು ಕೇಳಿದೆ.

ಟೇಪಣ್ಣ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದ.

“ನಿಮ್ಮ ಮನೆಯವ್ರು ಸೋಮವಾರ ಕೊಟ್ಟೋದ ನಿಮ್ಮ ಪ್ಯಾಂಟು ಇಲ್ಲೇ ಇದೆ ಸಾರ್, ಮೂರನೇ ಸಲ ಸೊಂಟ ಬಿಡಿಸ್ತಿರೋದು. ಅದನ್ನೇ ತೋರಿಸ್ಲಾ?”